ಮೇಷ್ಟ್ರ ಮಹಡಿ ಮನೆಯ ಬಾಡಿಗೆ

“ಬುದ್ಧೀ, ಈ ಮಾರ್ಕೆಟ್ ರೇಟು ಅನ್ನೋನು ಯಾರು?”

ಗುರುಗಳನ್ನು ಹೀಗೆ ಕೇಳಿದವನು ಪಾಲಾಕ್ಷ, ಮಠದ ವಿದ್ಯಾರ್ಥಿನಿಲಯವನ್ನು ನೋಡಿಕೊಳ್ಳುವ ಶಿಷ್ಯ. ತನ್ನ ಊರಿನ ಸ್ವಂತ ಮನೆಯನ್ನು ಬಾಡಿಗೆಗೆ ಕೊಟ್ಟು ಮಠ ಸೇರಿ ಹತ್ತು ವರ್ಷವಾಗಿತ್ತು. ಪ್ರತಿ ಸೋಮವಾರ ಜಿಲ್ಲಾ ಪಟ್ಟಣದಿಂದ ಬರುವ ಭಕ್ತರ ಜೊತೆ ಪಂಕ್ತಿಯಲ್ಲಿ ಕುಳಿತು, ಸೈಟು ಎಷ್ಟಾಯಿತು, ಮನೆ ಎಷ್ಟಾಯಿತು ಎಂದು ಮಾತಾಡುವುದು ಅವನಿಗೆ ಇಷ್ಟ. ಅಂದು ಅದೇ ಪಟ್ಟಣಕ್ಕೆ ಹೋಗಿ ಮಧ್ಯಾಹ್ನ ಹಿಂತಿರುಗಿದ್ದ. ಮುಖದಲ್ಲಿ ಕಳೆ ಇರಲಿಲ್ಲ.

ಅವನ ಅಕ್ಕ ಗಂಗಾಂಬಿಕೆ ಆ ಪಟ್ಟಣದ ಹೊರಬಡಾವಣೆಯೊಂದರಲ್ಲಿ ಎಂಟು ವರ್ಷದಿಂದ ಒಂದೇ ಬಾಡಿಗೆ ಮನೆಯಲ್ಲಿದ್ದಳು. ಮಾಲೀಕರು ಒಮ್ಮೆಲೇ ಐದು ಸಾವಿರ ಏರಿಸಿದರು. ಕೊಡಲಾಗದೆ ಅವಳು ಮನೆ ಖಾಲಿ ಮಾಡುತ್ತಿದ್ದಳು. ಪಾಲಾಕ್ಷ ಸಾಮಾನು ಹೊರಲು ಹೋಗಿದ್ದ.

“ಮಾಲೀಕರನ್ನ ಕೇಳಿದೆ ಬುದ್ಧಿ. ‘ನಾನೇನು ಮಾಡ್ಲಿ, ಮಾರ್ಕೆಟ್ ರೇಟ್ ಹಾಗಿದೆ’ ಅಂದ್ರು. ಪಕ್ಕದ ಮನೆಯವರನ್ನ ಕೇಳಿದೆ, ಎದುರು ಮನೆಯವರನ್ನ ಕೇಳಿದೆ. ಎಲ್ಲರೂ ಅವನ ಹೆಸರೇ ಹೇಳ್ತಾರೆ. ನಾನು ಏರಿಸಿದೆ ಅನ್ನೋರು ಒಬ್ಬರೂ ಸಿಗಲಿಲ್ಲ. ಅಕ್ಕ ದೇವರ ಫೋಟೊ ಎದೆಗೆ ಒತ್ಕೊಂಡು ಬೀದೀಲಿ ನಿಂತಿದ್ಲು. ಜಗಳ ಆಡೋಣ ಅಂದ್ರೆ ಯಾರ ಹತ್ರ ಆಡೋದು?”

“ಜಗಳಕ್ಕೆ ಒಂದು ಆಳು ಬೇಕು ಅನ್ನು. ಕೂತ್ಕೋ, ಹುಡುಕೋಣ,” ಎಂದು ಗುರುಗಳು ಕತೆ ಹೇಳಿದರು.

ಒಂದು ಪಟ್ಟಣ. ಪಟ್ಟಣದ ಹೊರಗೊಂದು ಬಡಾವಣೆ. ಮೊದಲು ಅಲ್ಲಿ ರಾಗಿ ಬೆಳೆಯುತ್ತಿದ್ದರು. ಆಮೇಲೆ ಸೈಟು ಬೆಳೆದರು. ಸೈಟು ಮುಗಿದ ಮೇಲೆ ಮಹಡಿ ಬೆಳೆದರು. ಕೆಳಗೆ ಮಾಲೀಕರು, ಮೇಲೆ ಬಾಡಿಗೆಯವರು, ಗೇಟಿಗೆ ಆಗಾಗ ‘ಮನೆ ಬಾಡಿಗೆಗಿದೆ’ ಎಂಬ ಬೋರ್ಡು. ಅಲ್ಲಿನವರಿಗೆ ಇಷ್ಟೇ ಪ್ರಪಂಚ.

ಅಲ್ಲಿ ಒಬ್ಬರು ನಿವೃತ್ತ ಮೇಷ್ಟ್ರಿದ್ದರು. ಸುಳ್ಳು ಹೇಳಿದವರಲ್ಲ. ಕಾಂಪೌಂಡಿನ ಜಗಳವಾಗಲಿ, ನೀರಿನ ಪೈಪಿನ ಜಗಳವಾಗಲಿ, ಮೇಷ್ಟ್ರು ಹೇಳಿದರು ಎಂದರೆ ಅಲ್ಲಿಗೆ ಮುಗಿಯಿತು. ಎರಡೂ ಕಡೆಯವರು ಬಾಯಿ ಮುಚ್ಚಿಕೊಂಡು ಮನೆಗೆ ಹೋಗುತ್ತಿದ್ದರು.

ಅವರ ಮಹಡಿ ಮನೆಯಲ್ಲಿ ಒಬ್ಬ ನರ್ಸು ಬಾಡಿಗೆಗಿದ್ದಳು. ಮೇಷ್ಟ್ರ ಹೆಂಡತಿ ಹಾಸಿಗೆ ಹಿಡಿದು ಎರಡು ವರ್ಷ ಮಲಗಿದ್ದಾಗ ಈ ಹೆಣ್ಣುಮಗಳು ದಿನವೂ ಮೆಟ್ಟಿಲಿಳಿದು ಬಂದು ಮೈ ಒರೆಸಿ, ಮಗ್ಗುಲು ಬದಲಿಸಿ, ಗಂಜಿ ಕುಡಿಸಿ ಡ್ಯೂಟಿಗೆ ಹೋಗುತ್ತಿದ್ದಳು. ಒಂದು ದಿನವೂ ಬೇಸರ ತೋರಿಸಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಮೇಷ್ಟ್ರು ಬಾಡಿಗೆ ಏರಿಸಲೇ ಇಲ್ಲ. ಹನ್ನೊಂದು ತಿಂಗಳಿಗೊಮ್ಮೆ ಕರಾರು ಪತ್ರ ಹೊಸದಾಗುತ್ತಿತ್ತು, ಒಳಗಿನ ಅಂಕಿ ಮಾತ್ರ ಹಳೆಯದೇ. ಏಳು ಸಾವಿರ.

ಸಂಜೆ ಹೊತ್ತು ಅಲ್ಲಿನ ಹಿರಿಯರು ಪಾರ್ಕಿನಲ್ಲಿ ಸೇರುತ್ತಿದ್ದರು. ಎರಡು ಸುತ್ತು ನಡಿಗೆ, ಎಂಟು ಸುತ್ತು ಹರಟೆ. ಒಂದು ಸಂಜೆ ಯಾರದೋ ಮಾತು ಬಂತು.

“ಇನ್ನೂ ಎಂಟು ಸಾವಿರಕ್ಕೇ ಕೊಟ್ಟು ಕೂತಿದ್ದಾನೆ. ಅವನೇನು ಬಾಡಿಗೆ ಮನೆ ಕಟ್ಟಿದ್ದಾನೋ, ಧರ್ಮಛತ್ರ ಕಟ್ಟಿದ್ದಾನೋ?” ಎಂದ ಒಬ್ಬ ವ್ಯಾಪಾರಿ. ಬೆಂಚಿನ ತುಂಬ ನಗು. ಅದೇ ನಗುಮುಖದಲ್ಲಿ ಅವನು ಮೇಷ್ಟ್ರ ಕಡೆ ತಿರುಗಿ, “ನಿಮ್ಮ ಮಹಡಿ ಮನೆಗೆ ಎಷ್ಟು ಬರುತ್ತೆ ಮೇಷ್ಟ್ರೇ?” ಎಂದು ಕೇಳಿದ.

ಏಳು ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಎಂಟಕ್ಕೇ ಇಷ್ಟು ನಗುವವರು ಏಳಕ್ಕೆ ಎಷ್ಟು ನಕ್ಕಾರೋ ಎಂದು ಮೇಷ್ಟ್ರಿಗೆ ಅಳುಕಾಯಿತು.

“ಹನ್ನೊಂದು,” ಎಂದರು.

ಇಲ್ಲಿ ಸ್ವಲ್ಪ ನಿಲ್ಲು ಪಾಲಾಕ್ಷ. ಕಳವು ಮಾಡಿದವರು ಮುಚ್ಚಿಡುವುದನ್ನು ನಾನು ಕಂಡಿದ್ದೇನೆ. ಮಾಡಿದ ಒಳ್ಳೆಯದನ್ನು ನಾಚಿಕೆಪಟ್ಟು ಮುಚ್ಚಿಟ್ಟವರನ್ನು ನೆನೆದರೆ ಮಾತ್ರ ನನಗೆ ದಿಗಿಲಾಗುತ್ತದೆ.

ಆ ವ್ಯಾಪಾರಿಗೆ ಬರುತ್ತಿದ್ದದ್ದು ಒಂಬತ್ತು. “ನಮ್ಮದೂ ಅಷ್ಟೇ, ಹನ್ನೆರಡರ ಹತ್ತಿರ ಹತ್ತಿರ,” ಎಂದು ಹೇಳಿ ಮಾನ ಉಳಿಸಿಕೊಂಡ. ಮನೆಗೆ ಹೋಗಿ ಹೆಂಡತಿಯ ಮುಂದೆ ಹಣೆ ಚಚ್ಚಿಕೊಂಡ. ಮೇಷ್ಟ್ರಂಥವರೇ ಹನ್ನೊಂದು ತೆಗೆದುಕೊಳ್ಳುತ್ತಿರುವಾಗ ತಾನೆಂಥ ದಡ್ಡ ಎಂದು ಅವನ ಸಂಕಟ. ಮರುತಿಂಗಳೇ ಅವನ ಬಾಡಿಗೆಯವರಿಗೆ ಹನ್ನೊಂದಾಯಿತು.

ಬೆಂಚಿನಲ್ಲಿದ್ದ ಉಳಿದವರೂ ಹಾಗೆಯೇ ಮಾಡಿದರು. ಇಸ್ತ್ರಿ ಗಾಡಿಯವನು ಬಟ್ಟೆಯ ಜೊತೆ ಆ ಮಾತನ್ನೂ ಮನೆಮನೆಗೆ ಮುಟ್ಟಿಸಿದ. ಮನೆ ಬ್ರೋಕರ್ ಅದನ್ನು ಟೀ ಅಂಗಡಿಗೆ ಒಯ್ದ. ಬೇರೆ ಯಾರಾದರೂ ಹೇಳಿದ್ದರೆ ಬಡಾಯಿ ಎಂದು ಬಿಟ್ಟುಬಿಡುತ್ತಿದ್ದರು. ಹೇಳಿದವರು ಮೇಷ್ಟ್ರು, ಹಾಗಾಗಿ ಯಾರೂ ಅನುಮಾನಪಡಲಿಲ್ಲ.

ಕೊಡಲಾಗದ ಬಾಡಿಗೆಯವರು ಗಂಟುಮೂಟೆ ಕಟ್ಟಿದರು. ದೊಡ್ಡ ಊರಿನಿಂದ ವರ್ಗವಾಗಿ ಬಂದವರು ಇದೇನು ಮಹಾ ಎಂದುಕೊಂಡು ಕೊಟ್ಟರು. ವರ್ಷ ತುಂಬುವುದರೊಳಗೆ ಸುಳ್ಳು ನಿಜವಾಯಿತು. ಎಲ್ಲ ಬೀದಿಗಳಲ್ಲೂ ಹನ್ನೊಂದು, ಕೆಲವು ಕಡೆ ಹನ್ನೆರಡು. ಮೇಷ್ಟ್ರು ಹೇಳಿದ ಬಾಡಿಗೆ ಸಿಗದೆ ಉಳಿದವರು ಇಡೀ ಬಡಾವಣೆಯಲ್ಲಿ ಮೇಷ್ಟ್ರೊಬ್ಬರೇ. ಅವರ ನರ್ಸು ಈಗಲೂ ಏಳೇ ಕೊಡುತ್ತಿದ್ದಳು.

ಮುಖ್ಯರಸ್ತೆಯ ಆಚೆ ಬಡಾವಣೆಯ ಎರಡನೆಯ ಹಂತ. ಅಲ್ಲಿ ಮೇಷ್ಟ್ರ ಒಬ್ಬಳೇ ಮಗಳು ಬಾಡಿಗೆ ಮನೆಯಲ್ಲಿದ್ದಳು. ಗಂಡನ ಸಂಬಳ ಮಕ್ಕಳ ಫೀಸಿಗೇ ಸರಿಹೋಗುತ್ತಿತ್ತು. ಬೀದಿಗೆ ಬಾಗಿಲಿದ್ದ ಮುಂದಿನ ಕೋಣೆಯಲ್ಲಿ ಅವಳು ಬ್ಲೌಸು ಹೊಲಿಯುತ್ತಿದ್ದಳು. ಆರು ವರ್ಷದಲ್ಲಿ ಆ ಬೀದಿಯ ಹೆಂಗಸರ ಅಳತೆಯೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಮನೆ ಬಿಟ್ಟರೆ ಗಿರಾಕಿ ಬಿಟ್ಟಂತೆ. ಅವರ ಅನ್ನ ಆ ಕೋಣೆಯಲ್ಲಿತ್ತು.

ಒಂದು ಮಧ್ಯಾಹ್ನ ಮೇಷ್ಟ್ರು ಮಗಳ ಮನೆಗೆ ಹೋದರು. ಹೊಲಿಗೆ ಯಂತ್ರಕ್ಕೆ ಹಗ್ಗ ಬಿಗಿದಿತ್ತು. ಮಗಳು ಅಳತೆಯ ಬ್ಲೌಸುಗಳನ್ನು ಗಂಟು ಕಟ್ಟುತ್ತಿದ್ದಳು. ಏನೆಂದು ಕೇಳಿದರೆ ಮುಖ ತಿರುಗಿಸಿ ಗಂಟು ಬಿಗಿದಳು. ಅಳಿಯ ಹೇಳಿದ. ಮಾಲೀಕ ಹನ್ನೊಂದು ಕೇಳಿದ್ದಾನೆ. ಊರಾಚೆ, ಹದಿನೈದು ಕಿಲೋಮೀಟರಿನಲ್ಲಿ, ಮೂರನೆಯ ಮಹಡಿಯಲ್ಲೊಂದು ಕೋಣೆ ಸಿಕ್ಕಿದೆ. ಟೆಂಪೋ ಬರುತ್ತಿದೆ.

ಮೇಷ್ಟ್ರಿಗೆ ನಖಶಿಖಾಂತ ಸಿಟ್ಟು ಬಂತು. ಪಕ್ಕದಲ್ಲೇ ಇದ್ದ ಮಾಲೀಕನ ಬಾಗಿಲು ಬಡಿದರು.

“ಒಂದೇ ಸಲಕ್ಕೆ ಹನ್ನೊಂದು! ಇದು ಯಾವ ನ್ಯಾಯ ಸ್ವಾಮಿ?”

“ಅಯ್ಯೋ, ನಾನೇನು ಮನಸ್ಸಿಗೆ ಬಂದಂಗೆ ಕೇಳಿದ್ನಾ ಮೇಷ್ಟ್ರೇ? ನಿಮ್ಮ ಮಹಡಿ ಮನೆಗೇ ಹನ್ನೊಂದು ಬರುತ್ತಂತಲ್ಲ. ನೀವೇ ಹೇಳಿದ್ದು ಅಂತ ಊರೆಲ್ಲ ಅಂತಾರೆ. ನಿಮಗಿಂತ ಒಂದು ರೂಪಾಯಿ ಜಾಸ್ತಿ ಕೇಳಿದ್ರೆ ಚಪ್ಪಲಿ ತಗೊಂಡು ಹೊಡೀರಿ.”

ಮೇಷ್ಟ್ರಿಗೆ ಸಿಡಿಲು ಬಡಿದಂತಾಯಿತು. ಪಾರ್ಕಿನ ಬೆಂಚು ಕಣ್ಣಮುಂದೆ ಬಂತು. ಆಮೇಲೆ, “ನಾನು ಹೇಳಿದ್ದು ಸುಳ್ಳು. ಬರುವುದು ಏಳೇ,” ಎಂದರು. ಹುಟ್ಟಿದ ಮೇಲೆ ತಾನು ಸುಳ್ಳು ಹೇಳಿದೆ ಎಂಬ ಮಾತನ್ನು ಅವರು ಆಡಿದ್ದು ಅದೇ ಮೊದಲು. ಮನೆಗೆ ಓಡಿ ಕರಾರು ಪತ್ರ ತಂದು ತೋರಿಸಿದರು.

ಮಾಲೀಕ ಪತ್ರವನ್ನು ಕೈಯಲ್ಲೂ ಹಿಡಿಯಲಿಲ್ಲ. “ಪತ್ರದಲ್ಲಿ ಕಡಿಮೆ ಬರೆಸೋದು ಯಾರಿಗೆ ಗೊತ್ತಿಲ್ಲ ಮೇಷ್ಟ್ರೇ? ನಂದೂ ಹಾಗೇ ಬರೆಸಿದ್ದೀನಿ,” ಎಂದ. ಮತ್ತೆ ನಿಜವಾದ ಮರುಕದಿಂದಲೇ ಹೇಳಿದ, “ಮಗಳ ಮೇಲಿನ ಪ್ರೀತಿಗೆ ಈ ವಯಸ್ಸಲ್ಲಿ ನೀವು ಸುಳ್ಳು ಹೇಳಬಾರದು. ನಿಮ್ಮ ಮಾತಿಗೆ ಒಂದು ಬೆಲೆ ಇದೆ.”

ಸುಳ್ಳು ಹೇಳಿದ ದಿನ ಎಲ್ಲರೂ ನಂಬಿದರು. ನಿಜ ಹೇಳಿದ ದಿನ ಒಬ್ಬನೂ ನಂಬಲಿಲ್ಲ.

ಅಷ್ಟರಲ್ಲಿ ಟೆಂಪೋ ಬಂದಿತ್ತು. ಯಂತ್ರ ಏರಿಸಿದರು, ಗಂಟು ಏರಿಸಿದರು. ಮೇಷ್ಟ್ರು ಮಗಳ ಹತ್ತಿರ ಹೋಗಿ ಬಾಯಿ ತೆರೆಯುವ ಮೊದಲೇ ಅವಳು ಮಾತಾಡಿದಳು. ಅಪ್ಪನಿಗೆ ಹನ್ನೊಂದು ಬರುತ್ತದೆ ಎಂಬ ಮಾಲೀಕನ ಮಾತು ಅವಳ ಕಿವಿಗೆ ಬಿದ್ದು ವಾರವಾಗಿತ್ತು.

“ಹೋದ ವರ್ಷ ಯಂತ್ರ ಕೆಟ್ಟಾಗ ಹೊಸದು ಕೊಡಿಸಿ ಅಂತ ಕೇಳಿದ್ದೆ. ‘ಬರೋದೇ ಏಳು ಸಾವಿರ ಕಣವ್ವಾ’ ಅಂದ್ರಿ. ನಾನು ನಂಬಿದೆ. ಊರಿಗೆಲ್ಲ ಹನ್ನೊಂದು, ನನಗೆ ಮಾತ್ರ ಏಳಾ ಅಪ್ಪ?”

ಮೇಷ್ಟ್ರು ಕೈಯಲ್ಲಿದ್ದ ಪತ್ರವನ್ನು ಮುಂದೆ ಹಿಡಿದರು. ಅವಳು ಅದನ್ನು ನೋಡಲಿಲ್ಲ. ಟೆಂಪೋ ಹೊರಟಿತು. ಮರುದಿನ ಆ ಗೇಟಿಗೆ ಬೋರ್ಡು ಬಿತ್ತು. ಆ ವಾರವೇ ಹನ್ನೊಂದು ಕೊಡುವವರು ಬಂದು ಹಾಲು ಉಕ್ಕಿಸಿದರು.

ಗುರುಗಳು ಕತೆ ನಿಲ್ಲಿಸಿದರು.

ತನ್ನ ಅಕ್ಕನೂ ಆ ಮಗಳೂ ಪಾಲಾಕ್ಷನ ಮನಸ್ಸಿನಲ್ಲಿ ಒಬ್ಬಳೇ ಆಗಿದ್ದರು. ಅವನಿಗೆ ಸಿಟ್ಟು ಬಂತು.

“ಅಷ್ಟು ತಿಳಿದ ಮನುಷ್ಯ ಬುದ್ಧಿ! ನಾಲ್ಕು ಜನ ನಗ್ತಾರೆ ಅಂತ ಸುಳ್ಳು ಹೇಳೋದಾ? ಮಗಳ ಮನೆ ಹೋಯ್ತು, ಮಗಳೂ ಹೋದ್ಲು. ನಾನಾಗಿದ್ರೆ ಏಳು ಅಂದ್ರೆ ಏಳೇ ಅಂತಿದ್ದೆ. ನಗೋರು ನಗ್ಲಿ!”

ಗುರುಗಳು ಅವನ ಮುಖವನ್ನೇ ನೋಡಿದರು.

“ಹೋದ ಸೋಮವಾರಾನೂ ನಾನು ಮಜ್ಜಿಗೆ ಬಡಿಸ್ತಾ ಬಂದಾಗ, ನಿನ್ನ ಊರಿನ ಮನೆಗೆ ಹದಿಮೂರು ಬರುತ್ತೆ ಅಂತ ಆ ಪಟ್ಟಣದವರಿಗೆ ಹೇಳ್ತಿದ್ದೆಯಲ್ಲ ಪಾಲಾಕ್ಷ, ನಿಜವಾಗಿ ಎಷ್ಟು ಬರುತ್ತಪ್ಪ?”