ಎಲ್ಲದಕ್ಕೂ ಹೂಂ ಅಂದ ಬೊಮ್ಮಜ್ಜ

ಮೂರು ಮೊಳದ ಬಾಲ, ಮರದ ತುದಿಯಲ್ಲಿ ವಾಸ. ಬಾಯಲ್ಲಿ ಉತ್ತರ ಸದಾ ಸಿದ್ಧ, ಪ್ರಶ್ನೆ ಮಾತ್ರ ಗೊತ್ತಿಲ್ಲ. ಯಾರು ಹೇಳಿ? ಸುಮ್ಮನೆ ತಲೆ ಕೆರೆದುಕೊಳ್ಳಬೇಡಿ, ನಿಮಗೆ ಹೊಳೆಯಲ್ಲ. ಅದು ಬಸರಿ ಮರದ ಕರಿಮೂತಿ ಕೋತಿ, ಮುದಿ ಮುಸುವ ಬೊಮ್ಮಜ್ಜ.

ಆ ಕಾಡಿನಲ್ಲೊಂದು ಪದ್ಧತಿ. ಮುಸುವಗಳಲ್ಲಿ ಹಿರಿಯನಾದವನು ತುತ್ತತುದಿಯ ಕವಲಲ್ಲಿ ಕೂತು ಕಾವಲು ಕಾಯಬೇಕು. ಜಿಂಕೆಗಳು ನೀರಿಗೆ ಹೋಗುವ ಮುಂಚೆ ಮರದ ಕೆಳಗೆ ನಿಂತು ಅವನನ್ನು ಕೇಳಬೇಕು. ಹೂಂ ಅಂದರೆ ಹೊಂಡಕ್ಕೆ, ಊಹೂಂ ಅಂದರೆ ಪೊದೆಗೆ. ಕಾವಲುಗಾರನ ಕಿವಿ ಮಂದವಾಯಿತೋ, ಕೆಳಗಿನ ಕೊಂಬೆಗೆ ಇಳಿದು ಮರಿಗಳ ಹೇನು ಹೆಕ್ಕುತ್ತ ಕೂರಬೇಕು.

ಬೊಮ್ಮಜ್ಜನ ಕಿವಿ ಹೋಗಿ ಎರಡು ಮಳೆಗಾಲ ಕಳೆದಿತ್ತು. ಹೇನು ಹೆಕ್ಕಲು ಅವನಿಗೆ ಸುತರಾಂ ಇಷ್ಟವಿರಲಿಲ್ಲ. ಅದಕ್ಕೇ ಯಾರ ಬಾಯಿ ಅಲ್ಲಾಡಿದರೂ ತಲೆದೂಗಿ ಹೂಂ ಅನ್ನುತ್ತಿದ್ದ. ಬೇರೆಯವರು ನಕ್ಕಾಗ ತಾನೂ ನಗುತ್ತಿದ್ದ, ಸ್ವಲ್ಪ ತಡವಾಗಿ, ಆದರೆ ಎಲ್ಲರಿಗಿಂತ ಜೋರಾಗಿ. ಅಳಿಲು ಚುಟುಕಿ ದಿನಾ ಬಂದು, ನಿನ್ನ ಪಾಲಿನ ಹಣ್ಣು ನಾನು ತಿನ್ನಲಾ ಅಂತ ಬಹಳ ವಿನಯದಿಂದ ಕೇಳುತ್ತಿದ್ದಳು. ಅಪ್ಪಣೆ ಸಿಕ್ಕೇ ಸಿಗುತ್ತಿತ್ತು. ಅಜ್ಜ ಸೊರಗಿದ, ಚುಟುಕಿ ಗುಂಡಗಾದಳು.

ಒಂದು ಸಂಜೆ ಜಿಂಕೆ ನಿಂಗಿ ಮರಿಯನ್ನು ಕರೆದುಕೊಂಡು ಬಂದಳು.

"ಅಜ್ಜಾ, ಹೊಂಡದ ಕಡೆ ನವಿಲು ಒಂದೇ ಸಮ ಅರಚ್ತಿದೆ. ನಾವು ಹೋಗಬಹುದಾ?"

"ಹೂಂ, ಹೂಂ," ಅಂದ ಬೊಮ್ಮಜ್ಜ, ಗಡ್ಡ ನೀವಿಕೊಂಡು.

ನಿಂಗಿಗೆ ಅಳುಕಿತ್ತು. ಆದರೂ ಹಿರಿಯರ ಮಾತಲ್ಲವೇ, ಹೋದಳು.

ಹೋದದ್ದಕ್ಕಿಂತ ಬೇಗ ವಾಪಸ್ ಬಂದಳು. ಮುಂದೆ ಮರಿ, ಹಿಂದೆ ಅವಳು, ಅವಳ ಹಿಂದೆ ಚಿರತೆ. ಏನೋ ಆಟವಾಡುತ್ತಿದ್ದಾರೆ ಅಂದುಕೊಂಡು ಅಜ್ಜ ಕೈ ಬೀಸಿದ. ಆಮೇಲೆ, ಮೂರನೆಯದರ ಚುಕ್ಕೆ ಬೇರೆ ಥರ ಇದೆಯಲ್ಲ ಅನ್ನಿಸಿತು. ಅಷ್ಟರಲ್ಲಿ ಚಿರತೆ ಮರಿಯ ಮೇಲೆ ಪಂಜ ಎತ್ತಿತ್ತು. ಅಜ್ಜನ ಕೈ ಜಾರಿತೋ, ತಾನೇ ಬಿಟ್ಟನೋ, ದೊಪ್ಪನೆ ಅದರ ಬೆನ್ನ ಮೇಲೆ ಬಿದ್ದ. ಆಕಾಶವೇ ಕಳಚಿತು ಅಂದುಕೊಂಡು ಚಿರತೆ ಓಟ ಕಿತ್ತಿತು.

"ನಂಗೆ ಕಿವಿ ಕೇಳಲ್ಲ ಕಣವ್ವ," ಅಂದ ಅಜ್ಜ, ಮಣ್ಣು ಕೊಡವಿಕೊಳ್ಳುತ್ತ.

ನಿಂಗಿ ಬಾಯಿಗೆ ಬಂದಂತೆ ಬೈದಳು. ಈ ಸಲ ಅಜ್ಜ ತಲೆದೂಗಲಿಲ್ಲ.

"ಹತ್ತಿರ ಬಂದು ಇನ್ನೊಂದ್ಸಲ ಬೈಯವ್ವ. ಪೂರ್ತಿ ಕೇಳಿಸಿಕೋಬೇಕು."

ನಿಜ ಹೇಳಿಬಿಡ್ತೀನಿ. ಅಜ್ಜ ಬಿದ್ದಲ್ಲಿಂದ ಮುಂದಿನದೆಲ್ಲ ನಾನು ಕಟ್ಟಿದ್ದು. ನನಗೆ ಈ ಕತೆ ಹೇಳಿದವರು ಮರಿ ಉಳಿಯಲಿಲ್ಲ ಅಂದಿದ್ದರು. ಹಾಗೆ ಬರೆಯೋಕೆ ನನಗೆ ಕೈ ಬರಲಿಲ್ಲ.

ನೀತಿ: ಕೇಳಿಸದಿದ್ದರೆ ಇನ್ನೊಂದು ಸಲ ಹೇಳು ಅನ್ನಿ; ಅದರ ನಾಚಿಕೆ ಒಂದು ಗಳಿಗೆಯದು, ಸುಮ್ಮನೆ ಹೂಂ ಅಂದರೆ ಹೋಗುವುದು ಇನ್ನೊಬ್ಬರ ಜೀವ.