ಅಳತೆ ಮೀರಿದ ಮದ್ದು

ಚಂಗಪ್ಪನ ಹಳೇ ಕೋವಿಗೆ ಬಿದಿರಿನ ಅಳತೆಯಲ್ಲಿ ಒಂದು ಸಲ ಮದ್ದು ಹಾಕಿದರೆ ಸಾಕು, ಅದು ಅವನಜ್ಜನ ಕಟ್ಟಳೆ. ಗದ್ದೆಗೆ ಹಂದಿ ನುಗ್ಗಿದ ದಿನ ಅವನು ಎರಡು ಅಳತೆ ಸುರಿದು, ಮೇಲೆ ಸೀಸದ ಗುಂಡುಗಳನ್ನು ತುಂಬಿದ.

"ನೀನು ಅತಿಯಾದೆ. ಹೀಗಾದರೆ ನಾವು ದಿಕ್ಕಿಗೊಬ್ಬರಾಗಿ ಚದುರಿ ಹೋಗುತ್ತೇವೆ," ಎಂದು ಒಂದು ಗುಂಡು ಮದ್ದನ್ನು ಗದರಿತು.

"ಸುಮ್ಮನಿರಯ್ಯ. ನಾನಿಲ್ಲದೆ ನೀನು ಬರೀ ಸೀಸ. ನಾನು ಹೆಚ್ಚಿದಷ್ಟೂ ನಿನಗೇ ಬಲ," ಎಂದಿತು ಮದ್ದು.

ಕೋವಿ ಗುಡುಗಿತು. ಸದ್ದಿಗೆ ಊರೇ ಓಡಿ ಬಂತು. ಒಂದು ಗುಂಡೂ ತಾಗದ ಹಂದಿ ಓಡಿ ಹೋಯಿತು. ಗದರಿದ ಗುಂಡು ಹಲಸಿನ ಮರಕ್ಕೆ ನಾಟಿಕೊಂಡಿತು.

"ದರಿದ್ರ ಗುಂಡುಗಳು, ಗುರಿಯೇ ಗೊತ್ತಿಲ್ಲ ಇವಕ್ಕೆ," ಎಂದು ಚಂಗಪ್ಪ ಎಲ್ಲರೆದುರು ಬೈದ.

ಮರದೊಳಗಿನ ಗುಂಡು ಕುದಿದು ಹೇಳಿತು: "ಚದುರಿಸಿದವನು ಹೊಗೆಯಾಗಿ ಹೋದ. ಬೈಸಿಕೊಳ್ಳಲು ನಾನು ಉಳಿದೆ."