ನೆಟ್ಟಿನ ತೂತು ಯಾರು ಹೆಣೀತಾರೆ?

ಹತ್ತಿರ ಬನ್ನಿ, ಕಥೆ ಸಣ್ಣದು.

ಕಡಲ ದಂಡೆಯಲ್ಲಿ ಒಂದು ವಾಲಿಬಾಲ್ ಸಂಘ. ಸಂಘಕ್ಕೆ ಒಂದೇ ನೆಟ್. ಒಂದು ಬೆಳಿಗ್ಗೆ ಚೆಂಡು ಹಾರಿತು. ನೆಟ್ಟಿಗೆ ಬಡಿಯಿತು. ಪರ್ ಅಂತ ನೆಟ್ ಹರಿಯಿತು. ಆಟ ನಿಂತಿತು.

ಆಟ ನೋಡಲು ಬಂದ ನೀಲು ತೂತಿನೊಳಗೆ ತಲೆ ತೂರಿಸಿದಳು. "ಇದನ್ನು ಯಾರು ಹೆಣೀತಾರೆ?"

"ಸಂಘದ ಕೆಲಸಕ್ಕೆ ಕೂಲಿ ಇಲ್ಲ ಮಗಾ," ಅಂದ ಆಟಗಾರ ಉಮೇಶಣ್ಣ. "ಯಾರಾದರೂ ಮನಸ್ಸು ಮಾಡಿ ಬರಬೇಕು."

ಯಾರು ಬರ್ತಾರೆ? ನೀಲು ನೋಡಲು ಹೊರಟಳು.

ಮೊದಲು ಮೀನಿನ ಬಲೆ ಹೆಣೆಯುವ ಸುಬ್ಬಜ್ಜನ ಹತ್ತಿರ ಹೋದಳು.

"ಅಜ್ಜಾ ಅಜ್ಜಾ, ನೆಟ್ಟೂ ಬಲೆಯೇ ಅಲ್ವಾ?"

"ಬಲೆಯೇ. ಮೀನು ಬೀಳೋದಿಲ್ಲ, ಅಷ್ಟೇ."

"ಹಾಗಾದರೆ ಹೆಣೀತೀಯಾ?"

"ಹೆಣೀತಿದ್ದೆ ಮಗಾ. ಕಾಗೆ ಬರ್ತದೆ. ನನ್ನ ಒಣಮೀನು ಕಾಯುವವರು ಯಾರು?"

ನೀಲು ಜಲಜಕ್ಕನ ಹತ್ತಿರ ಹೋದಳು.

"ಅಕ್ಕಾ ಅಕ್ಕಾ, ಮೀನು ಕಾಯ್ತೀಯಾ? ನೀನು ಮೀನು ಕಾದರೆ ಅಜ್ಜ ನೆಟ್ ಹೆಣೀತಾನೆ. ಅಜ್ಜ ನೆಟ್ ಹೆಣೆದರೆ ಆಟ ಶುರುವಾಗ್ತದೆ."

"ಕಾಯ್ತಿದ್ದೆ. ನನ್ನ ಮಗುವಿನ ತೊಟ್ಟಿಲು ತೂಗುವವರು ಯಾರು?"

ನೀಲು ಪಕ್ಕದ ಮನೆಯ ದೇವಜ್ಜಿಯ ಹತ್ತಿರ ಹೋದಳು.

"ಅಜ್ಜೀ ಅಜ್ಜೀ, ತೊಟ್ಟಿಲು ತೂಗ್ತೀಯಾ? ನೀನು ತೊಟ್ಟಿಲು ತೂಗಿದರೆ ಅಕ್ಕ ಮೀನು ಕಾಯ್ತಾಳೆ. ಅಕ್ಕ ಮೀನು ಕಾದರೆ ಅಜ್ಜ ನೆಟ್ ಹೆಣೀತಾನೆ. ಅಜ್ಜ ನೆಟ್ ಹೆಣೆದರೆ ಆಟ ಶುರುವಾಗ್ತದೆ."

"ತೂಗ್ತಿದ್ದೆ ಮಗಾ. ಮನೆಯಲ್ಲಿ ಹನಿ ನೀರಿಲ್ಲ. ನನ್ನ ಬಾವಿಯಿಂದ ನೀರು ಸೇದುವವರು ಯಾರು?"

ನೀರು ಸೇದಲು ಗಟ್ಟಿ ಕೈ ಬೇಕು. ಗಟ್ಟಿ ಕೈ ಎಲ್ಲಿದೆ? ನೀಲು ಆಚೆ ನೋಡಿದಳು, ಈಚೆ ನೋಡಿದಳು. ದಂಡೆಯಲ್ಲಿ ಆಟಗಾರರು ಸಾಲಾಗಿ ಕೂತಿದ್ದರು. ಆಟ ಇಲ್ಲ. ಕೈ ಖಾಲಿ. ನೀಲು ಉಮೇಶಣ್ಣನ ಹತ್ತಿರ ಹೋದಳು.

"ಅಣ್ಣಾ ಅಣ್ಣಾ, ನೀರು ಸೇದ್ತೀಯಾ? ನೀನು ನೀರು ಸೇದಿದರೆ ಅಜ್ಜಿ ತೊಟ್ಟಿಲು ತೂಗ್ತಾಳೆ. ಅಜ್ಜಿ ತೊಟ್ಟಿಲು ತೂಗಿದರೆ ಅಕ್ಕ ಮೀನು ಕಾಯ್ತಾಳೆ. ಅಕ್ಕ ಮೀನು ಕಾದರೆ ಅಜ್ಜ ನೆಟ್ ಹೆಣೀತಾನೆ. ಅಜ್ಜ ನೆಟ್ ಹೆಣೆದರೆ ಆಟ ಶುರುವಾಗ್ತದೆ."

ಉಮೇಶಣ್ಣ ತಲೆ ಕೆರೆದುಕೊಂಡ. "ಯಾರಾದರೂ ಬರಲಿ ಅಂತ ನಾವೇ ಕೂತಿದ್ದೆವಲ್ಲ," ಅಂದ. ಎದ್ದ.

ಅಣ್ಣ ನೀರು ಸೇದಿದ. ಕೊಡ ತುಂಬಿತು.
ಅಜ್ಜಿ ತೊಟ್ಟಿಲು ತೂಗಿದಳು. ಮಗು ಮಲಗಿತು.
ಅಕ್ಕ ಮೀನು ಕಾದಳು. ಕಾಗೆ ಹಾರಿಹೋಯಿತು.
ಅಜ್ಜ ನೆಟ್ ಹೆಣೆದ. ತೂತು ಮುಚ್ಚಿತು.
ಆಟ ಶುರುವಾಯಿತು.

ಅಜ್ಜ ಮನೆಗೆ ಹೋಗಲಿಲ್ಲ. ಅಲ್ಲೇ ನಿಂತ. "ನಾನೂ ಒಂದು ಹೊಡೆಯಲಾ?" ಅಂದ.

ಚೆಂಡು ಕೊಟ್ಟರು. ಅಜ್ಜ ಹೊಡೆದ. ಚೆಂಡು ಮೇಲೆ ಹೋಯಿತು, ಇನ್ನೂ ಮೇಲೆ ಹೋಯಿತು, ನೆಟ್ ದಾಟಿ ಆಚೆ ಬಿತ್ತು.

ಕಥೆ ಇಲ್ಲಿ ನಿಂತಿತು. ಆಟ ನಿಲ್ಲಲಿಲ್ಲ.